ಮೂಕ ಟಿವಿಯ ದೂರು ಹೊತ್ತು ಉಗಾಂಡಕ್ಕೆ

ಹುಮನಾಬಾದ್ ಬಸ್ ನಿಲ್ದಾಣ

ವಿದೇಶಕ್ಕೆ ಹೋಗುವವರಿಗೆ ಹಾರ ಹಾಕಿ ಬೀಳ್ಕೊಡುತ್ತಾರೆಂದು ಕೇಳಿದ್ದೆ. ನನ್ನ ಕೈಗೆ ಬಂದದ್ದು ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ. ಬಸವಕಲ್ಯಾಣದ ಬಸ್ಸಿನಿಂದ ನಾನು ಇಳಿಯುವಷ್ಟರಲ್ಲಿ ವೈಜನಾಥ ಸರ್ ಹೈದರಾಬಾದ್ ಬಸ್ಸು ನಿಲ್ಲುವ ಜಾಗದಲ್ಲಿ ಎರಡು ಚೀಲ, ಒಂದು ರೊಟ್ಟಿಯ ಗಂಟು ಇಟ್ಟುಕೊಂಡು ನಿಂತಿದ್ದರು.

"ಮೇಡಂ, ಇದೊಂದು ನಿಮ್ಮ ಚೀಲದಾಗ ಇಡ್ರಿ. ನನ್ನ ಚೀಲದಾಗ ಇನ್ನಾ ಎರಡು ಅವ."

"ಹೋಗಾಕತ್ತಿದ್ದು ಒಂದು ವಾರಕ್ಕ ಸರ್. ಮೂರು ಡಬ್ಬಿ ಯಾಕ್ರಿ?"

"ಅಲ್ಲಿ ಮಂದಿ ಏನು ತಿಂತಾರೋ ಏನೋ. ರೊಟ್ಟಿ ಅವ, ಹಿಂಡಿ ಅದ. ಪ್ರಭು ನಡಸ್ತಾನ."

ಸರ್ ಮಾಣಿಕನಗರದವರು. ಹುಮನಾಬಾದ್ ಕಡೆಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ, ನಿವೃತ್ತಿ ಹತ್ತಿರದಲ್ಲಿದೆ. ನಾನು ಕಲ್ಯಾಣದವಳು. ಮುಡಬಿಯಿಂದಾಚೆ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ದಿನಾ ಅರ್ಧ ದಾರಿ ಬಸ್ಸಿನಲ್ಲಿ, ಉಳಿದರ್ಧ ಶೇರ್ ಆಟೋದಲ್ಲಿ ಯಾರದೋ ಹಾಲಿನ ಕ್ಯಾನಿಗೆ ಒರಗಿಕೊಂಡು ಹೋಗುವವಳು. ಇಂಥ ನಮ್ಮಿಬ್ಬರನ್ನು ಉಗಾಂಡಕ್ಕೆ ಕರೆಸಿಕೊಂಡದ್ದು ದಿಲ್ಲಿಯ ಒಂದು ಸಂಸ್ಥೆ. ಅದು ನಮ್ಮ ಎರಡೂ ಶಾಲೆಗಳಿಗೆ ದೊಡ್ಡ ಟಿವಿ ಕೊಟ್ಟಿದೆ, ಜೊತೆಗೆ ಪಾಠದ ವಿಡಿಯೊಗಳು ತುಂಬಿದ ಸಣ್ಣ ಪೆಟ್ಟಿಗೆಯೊಂದನ್ನು. ಉಗಾಂಡದ ಕೆಲವು ಹಳ್ಳಿ ಶಾಲೆಗಳಿಗೂ ಅದೇ ಟಿವಿ, ಅದೇ ಪೆಟ್ಟಿಗೆ ಹೋಗಿವೆ. ಈಗ ಜಿಂಜಾ ಎಂಬ ಊರಿನಲ್ಲಿ ಎರಡೂ ದೇಶದ ಮೇಷ್ಟರುಗಳ ಸಭೆ. ಚೆನ್ನಾಗಿ ನಡೆದ ಶಾಲೆಯಿಂದ ಒಬ್ಬರು, ನಡೆಯದ ಶಾಲೆಯಿಂದ ಒಬ್ಬರು ಬರಬೇಕೆಂದು ಪತ್ರದಲ್ಲಿತ್ತು. ಚೆನ್ನಾಗಿ ನಡೆಸಿದವರು ವೈಜನಾಥ ಸರ್. ಇನ್ನೊಬ್ಬಳು ನಾನು.

ನನ್ನ ಮೇಲಿನ ದೂರು ಇಷ್ಟೇ. ನಾನು ಟಿವಿ ಹಚ್ಚುತ್ತೇನೆ, ಆದರೆ ದನಿ ಬಂದ್ ಮಾಡುತ್ತೇನೆ. ವಿಡಿಯೊದಲ್ಲಿ ಮಾತಾಡುವ ಹೆಣ್ಣುಮಗಳ ಕನ್ನಡ ಬಹಳ ಚೆಂದ, ಇಸ್ತ್ರಿ ಮಾಡಿದ ಸೀರೆಯ ಹಾಗೆ. ನನ್ನ ಮಕ್ಕಳು ಅದನ್ನು ವಾರ್ತೆ ಕೇಳಿದಂತೆ ಕೈಕಟ್ಟಿ ಕೇಳುತ್ತಿದ್ದರು. ಏನು ತಿಳಿಯಿತು ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ದಿನ ಟಿವಿಯ ದನಿ ಬಂದ್ ಮಾಡಿ, ಚಿತ್ರ ಓಡುತ್ತಿದ್ದಂತೆ ನಾನೇ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ. ಒಂಬತ್ತನೆಯ ತರಗತಿಯ ಭಾಗ್ಯಶ್ರೀ ಎದ್ದು ಬಂದು, ಪರದೆಯ ಮೇಲೆ ಬಡಿದುಕೊಳ್ಳುತ್ತಿದ್ದ ಹೃದಯವನ್ನು ನೋಡುತ್ತ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಟೀಚರ್, ನಾ ಮಕ್ಕೊಂಡಾಗೂ ಇದು ಹಿಂಗೇ ಮಾಡತದೇನ್ರಿ?" ಎಂದು ಕೇಳಿದಳು. ಅವತ್ತಿನಿಂದ ದನಿ ಹಚ್ಚಿಲ್ಲ.

ಪೆಟ್ಟಿಗೆಗೆ ಇದು ತಿಳಿಯುವುದಿಲ್ಲ. ದನಿ ಇಲ್ಲದಿದ್ದರೆ ಪಾಠ ಆಗಿಲ್ಲ ಎಂದು ಅದು ದಿಲ್ಲಿಗೆ ವರದಿ ಕಳಿಸುತ್ತದೆ. ಹಾಗಾಗಿ ನನ್ನ ಶಾಲೆಯ ಲೆಕ್ಕ ಸೊನ್ನೆ. ಸಭೆಯ ನಂತರ ಟಿವಿ, ಪೆಟ್ಟಿಗೆ ಎರಡನ್ನೂ ಬೇರೆ ಶಾಲೆಗೆ ಕೊಡುವ ವಿಚಾರವಿದೆ ಎಂದು ಮೊದಲೇ ತಿಳಿಸಿದ್ದರು. ಚಿತ್ರವೂ ಹೋದರೆ ನನ್ನ ಬಳಿ ಉಳಿಯುವುದು ಗೋಡೆಯ ಮೇಲಿನ ಮನುಷ್ಯದೇಹದ ಹಳೆಯ ಪಟ, ಅದರ ಹೃದಯದ ಜಾಗದಲ್ಲಿ ಇಲಿ ಕಡಿದ ತೂತು. ಬಸ್ಸು ಹತ್ತುವಾಗ ನನಗೆ ಉಗಾಂಡ ನೋಡುವ ಕುತೂಹಲ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು.

ಎಂಟೆಬ್ಬೆ

ವಿಮಾನ ಇಳಿಯುವಾಗ ಕಿಟಕಿಯ ಕೆಳಗೆ ನೀರೋ ನೀರು. ಸಮುದ್ರವೆಂದು ನಾನು, ಅಲ್ಲ ವಿಕ್ಟೋರಿಯಾ ಸರೋವರವೆಂದು ಸರ್. ಸಮಾಜ ವಿಜ್ಞಾನದವರ ಜೊತೆ ಪಂದ್ಯ ಕಟ್ಟಬಾರದು. ನಮ್ಮ ತ್ರಿಪುರಾಂತ ಕೆರೆಯನ್ನೇ ದೊಡ್ಡದೆಂದು ತಿಳಿದವಳಿಗೆ ಅದನ್ನು ಕೆರೆಯ ಜಾತಿಗೆ ಸೇರಿಸಲು ಮನಸ್ಸು ಒಪ್ಪಲಿಲ್ಲ.

ಈ ದೇಶದವರಿಗೆ ಯಾವ ಕೆಲಸಕ್ಕೂ ಮೊದಲು ಕುಶಲ ಆಗಬೇಕು. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ, ಹಳದಿ ಜ್ವರದ ಸೂಜಿ ಚುಚ್ಚಿಸಿದ ಕಾಗದ ನೋಡುವ ಮುಂಚೆ, ರಾತ್ರಿ ಹೇಗಿತ್ತು ಎಂದು ಕೇಳಿದ. ಆಮೇಲೆ ಭಾರತ ಹೇಗಿದೆ ಎಂದ. ನಾನು ಚೆನ್ನಾಗಿದೆ ಎಂದು ಮುಗಿಸಿದೆ. ವೈಜನಾಥ ಸರ್ ಮಾತ್ರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಈ ಸಲ ತೊಗರಿ ಚೆನ್ನಾಗಿ ಬಂದಿದೆ, ಬಿಸಿಲು ಜಾಸ್ತಿ ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಆತ ಪ್ರತಿ ಮಾತಿಗೂ ಗಂಟಲಲ್ಲೇ "ಮ್ಮ್" ಎನ್ನುತ್ತಿದ್ದ. ನಮ್ಮಲ್ಲಿ ಕಥೆ ಕೇಳುವವರು "ಹ್ಞೂಂ" ಗುಟ್ಟುವುದಿಲ್ಲವೇ, ಅದೇ. ಹಿಂದಿನ ಸಾಲು ಬೆಳೆಯುತ್ತಲೇ ಇತ್ತು, ಆದರೆ ಯಾರೂ ಗೊಣಗಲಿಲ್ಲ.

ಸಾಮಾನು ತಪಾಸಣೆಯಲ್ಲಿ ನನ್ನ ಚೀಲ ಬಿಚ್ಚಿಸಿದರು. ಕೆಂಪು ಪುಡಿಯ ಡಬ್ಬಿ ಹೊರಬಂತು. ತೆರೆದು ಮೂಗಿನ ಹತ್ತಿರ ಹಿಡಿದ ಹೆಣ್ಣುಮಗಳು ಮೂರು ಸಲ ಸೀನಿದಳು. ನಮ್ಮ ಕಥೆ ಮುಗಿಯಿತೆಂದುಕೊಂಡೆ. ಆಕೆ ಚಿಟಿಕೆ ಹಿಂಡಿಯನ್ನು ನಾಲಿಗೆಗೆ ಹಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಇದು ಶೇಂಗಾ!" ಎಂದು ಪಕ್ಕದವಳಿಗೂ ಒಂದು ಚಿಟಿಕೆ ಕೊಟ್ಟಳು. ನಮಗೆ ದಾರಿ ಬಿಟ್ಟರು. ಡಬ್ಬಿ ಸ್ವಲ್ಪ ಹಗುರಾಗಿತ್ತು.

ಜಿಂಜಾ

ಕಂಪಾಲಾ ದಾಟಿ ಜಿಂಜಾಗೆ ಹೋಗುವ ದಾರಿಯಲ್ಲಿ ಬಾಡಿಗೆ ಬೈಕುಗಳದೇ ರಾಜ್ಯ. ಅವನ್ನು ಬೋಡಾ ಎನ್ನುತ್ತಾರೆ. ಒಂದರ ಮೇಲೆ ಗಂಡ, ಹೆಂಡತಿ, ಶಾಲೆಯ ಸಮವಸ್ತ್ರದ ಮೂವರು ಮಕ್ಕಳು. ಇನ್ನೊಂದರ ಮೇಲೆ ಸೋಫಾ, ಸೋಫಾದ ಮೇಲೆ ಅದರ ಯಜಮಾನ.

"ಏನ್ ಮಹಾ ಬಿಡ್ರಿ," ಎಂದರು ಸರ್. "ನಮ್ಮ ಮುಡಬಿ ಆಟೋದವರು ಇಲ್ಲಿಗೆ ಬಂದ್ರ ಇವ್ರಿಗೇ ಸಾಲಿ ತಗೀತಾರ."

ಜಿಂಜಾದ ದೊಡ್ಡ ಬೀದಿಯಲ್ಲಿ ಹಳೆಯ ಎರಡಂತಸ್ತಿನ ಕಟ್ಟಡಗಳು. ಗೋಡೆಗಳ ನೆತ್ತಿಯಲ್ಲಿ ಹಿಂದೆ ಇಲ್ಲಿದ್ದ ವ್ಯಾಪಾರಿಗಳ ಗುಜರಾತಿ ಹೆಸರುಗಳು ಇನ್ನೂ ಉಳಿದಿವೆ, ಕೆಳಗೆ ಉಗಾಂಡದವರ ಅಂಗಡಿಗಳು. ಊಟಕ್ಕೆ ಬೇಯಿಸಿ ಹಿಸುಕಿದ ಬಾಳೆಕಾಯಿ ಬಂತು, ಅದರ ಮೇಲೆ ಗಟ್ಟಿ ಶೇಂಗಾ ಸಾರು. ಮೂರು ಡಬ್ಬಿ ಹಿಂಡಿ ಹೊತ್ತು ತಂದಿದ್ದ ಸರ್ ಬೋಗುಣಿಯನ್ನೇ ನೋಡುತ್ತ ಕುಳಿತರು. ಕೊನೆಗೆ ಅದರ ಮೇಲೆ ನಮ್ಮ ಹಿಂಡಿ ಉದುರಿಸಿ, ಕಲಸಿ ಉಂಡರು. ಎರಡನೇ ಸಲ ಬಡಿಸಿಕೊಂಡಾಗ ನಾನು ನಕ್ಕರೆ, "ನಗಬ್ಯಾಡ್ರಿ, ಶೇಂಗಾ ನಮ್ದೇ ಅಲ್ಲೇನ್ರಿ?" ಎಂದರು.

ನಮ್ಮ ಜೊತೆಗೆ ಬಂದ ಸ್ಥಳೀಯ ಟೀಚರ ಹೆಸರು ನಕಾಟೊ. ಅವಳಿಗಳಲ್ಲಿ ಎರಡನೆಯದಾಗಿ ಹುಟ್ಟಿದ ಹೆಣ್ಣುಮಗುವಿಗೆ ಇಡುವ ಹೆಸರಂತೆ. ಜಿಂಜಾದ ಹೊರಗಿನ ಹಳ್ಳಿಯಲ್ಲಿ ಅವಳೂ ವಿಜ್ಞಾನವನ್ನೇ ಕಲಿಸುತ್ತಾಳೆ. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು, ಅವಳದು ಅವಳ ಇಂಗ್ಲಿಷು, ನಮ್ಮದು ನಮ್ಮದು. ನಿಮ್ಮದು ಯಾವ ಶಾಲೆ, ನಡೆದದ್ದೋ ನಡೆಯದ್ದೋ ಎಂದು ಕೇಳಿದೆ. "ನಡೆಯದ್ದು," ಎಂದು ಎದೆ ತಟ್ಟಿಕೊಂಡು ನಕ್ಕಳು. ನನಗೆ ಅಕ್ಕತಂಗಿ ಸಿಕ್ಕಷ್ಟು ಖುಷಿಯಾಯಿತು. ಯಾಕೆ ನಡೆದಿಲ್ಲ ಎಂದೆ. ಹೇಳುವುದಕ್ಕಿಂತ ತೋರಿಸುವುದು ವಾಸಿ, ಇವತ್ತು ಮಧ್ಯಾಹ್ನ ಸಿನಿಮಾಕ್ಕೆ ಹೋಗೋಣ ಎಂದಳು.

ತಗಡಿನ ಟಾಕೀಸು

ಅವರು ಅದನ್ನು ಕಿಬಂಡಾ ಎನ್ನುತ್ತಾರೆ. ತಗಡಿನ ಗೋಡೆ, ತಗಡಿನ ಮಾಡು, ಒಳಗೆ ಕಟ್ಟಿಗೆಯ ಬೆಂಚುಗಳು, ಎದುರಿಗೆ ಒಂದು ಟಿವಿ. ಕತ್ತಲೆ, ಸೆಕೆ, ಹುರಿದ ಶೇಂಗಾದ ವಾಸನೆ. ಚೀನಾ ದೇಶದ ಹೊಡೆದಾಟದ ಸಿನಿಮಾ ಓಡುತ್ತಿತ್ತು. ಆದರೆ ಕೇಳುತ್ತಿದ್ದದ್ದು ಚೀನಿ ಮಾತಲ್ಲ. ಟಿವಿಯ ಪಕ್ಕದಲ್ಲಿ ಒಬ್ಬಾತ ಮೈಕು ಹಿಡಿದು ಕುಳಿತಿದ್ದ. ಪಾತ್ರಗಳು ಮಾತಾಡುವಾಗ ಸಿನಿಮಾದ ದನಿಯನ್ನು ಇಳಿಸಿಬಿಡುತ್ತಿದ್ದ, ಅವರ ಮಾತನ್ನೆಲ್ಲ ತಾನೇ ಲುಗಾಂಡ ಭಾಷೆಯಲ್ಲಿ ಹೇಳುತ್ತಿದ್ದ. ಹೊಡೆದಾಟ ಬಂದಾಗ ದನಿ ಏರಿಸಿ, ಅದರ ಮೇಲೆ ತಾನೂ ಕೂಗುತ್ತಿದ್ದ. ಮುದುಕನೊಬ್ಬ ಬೆಟ್ಟ ಹತ್ತುವ ದೃಶ್ಯದಲ್ಲಿ ಆತ ಏನೋ ಅಂದ, ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು.

ಏನಂದ ಎಂದು ನಕಾಟೊಳನ್ನು ಕೇಳಿದೆ.

"ಪಾಪ, ಬೋಡಾದವನು ಇವನಿಗೆ ಬಾಡಿಗೆ ಜಾಸ್ತಿ ಹೇಳಿದ್ದಾನೆ, ಅದಕ್ಕೇ ನಡೆದುಕೊಂಡು ಹೋಗುತ್ತಿದ್ದಾನೆ ಅಂದ," ಎಂದಳು.

"ಸಿನಿಮಾದಲ್ಲಿ ಹಾಗಿದೆಯಾ?"

"ಇಲ್ಲ. ಆದರೆ ಈಗ ಇದೆ."

ಸಿನಿಮಾದ ಹೆಸರು ಇಲ್ಲಿ ಯಾರೂ ಕೇಳುವುದಿಲ್ಲವಂತೆ. ಇವತ್ತು ಹೇಳುವವನು ಯಾರು ಎಂದು ಕೇಳಿಕೊಂಡು ಒಳಗೆ ಬರುತ್ತಾರಂತೆ. ಈಗೀಗ ದನಿಯನ್ನು ಮೊದಲೇ ತುಂಬಿಸಿದ ಸಿನಿಮಾಗಳೂ ಸಿಗುತ್ತವೆ, ಆದರೂ ಎದುರಿಗೆ ಕುಳಿತು ಹೇಳುವವನಿದ್ದರೆ ಬೆಂಚುಗಳು ಬೇಗ ತುಂಬುತ್ತವೆ ಎಂದಳು. "ಇವನು ಸಿನಿಮಾ ಕೆಡಿಸುತ್ತಾನೆ ಎಂದು ಯಾರೂ ಅನ್ನುವುದಿಲ್ಲ. ನಾನು ಅದನ್ನೇ ಶಾಲೆಯಲ್ಲಿ ಮಾಡಿದರೆ ಸಂಸ್ಥೆಯ ಲೆಕ್ಕದಲ್ಲಿ ನನ್ನ ಹೆಸರಿಗೆ ಕೆಂಪು ಚುಕ್ಕೆ ಬಿತ್ತು."

ನಾನು ಬೆಂಚಿನ ಮೇಲೆ ನೆಟ್ಟಗೆ ಕುಳಿತೆ. ಕತ್ತಲಲ್ಲಿ ನನಗೆ ಕಂಡದ್ದು ಕಲ್ಯಾಣದ ನಮ್ಮ ಓಣಿಯ ಗುಡಿ. ಶ್ರಾವಣ ಬಂತೆಂದರೆ ಅಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದರ ಅರ್ಥ ಹೇಳುವುದು. ಅರ್ಥ ಹೇಳುವವರ ಬಾಯಲ್ಲಿ ಶರಣರ ಜೊತೆಗೆ ಹಿಂದಿನ ದಿನದ ಸಂತೆಯೂ ಬರುತ್ತದೆ, ಜಗಳಗಂಟಿ ಸೊಸೆಯೂ ಬರುತ್ತಾಳೆ. ಓದಿದ ಪದ್ಯ ಯಾರಿಗೂ ಬೇಡವಾಗಿಲ್ಲ, ಅದಿಲ್ಲದೆ ಅರ್ಥವೂ ಇಲ್ಲ. ನಾನು ಶಾಲೆಯಲ್ಲಿ ಏನು ಮಾಡುತ್ತಿದ್ದೆ ಎಂಬುದಕ್ಕೆ ನನಗೇ ಹೆಸರು ಗೊತ್ತಿರಲಿಲ್ಲ. ನಾನು ಅರ್ಥ ಹೇಳುತ್ತಿದ್ದೆ.

ಪಕ್ಕದಲ್ಲಿ ವೈಜನಾಥ ಸರ್ ಸಿನಿಮಾ ಬಿಟ್ಟು ನಗುವ ಮಂದಿಯನ್ನೇ ತಿರುತಿರುಗಿ ನೋಡುತ್ತಿದ್ದರು. ಹೊರಗೆ ಬಂದವರು ಒಬ್ಬರೇ ಮುಂದೆ ನಡೆದರು. ಸೆಕೆಗೆ ತಲೆ ನೋವಾಗಿರಬೇಕೆಂದು ನಾನೂ ಕೆದಕಲಿಲ್ಲ.

ನಕಾಟೊಳ ಶಾಲೆ

ಮರುದಿನ ಅವಳ ಶಾಲೆಗೆ ಹೋದೆವು. ಕೆಂಪು ಮಣ್ಣು, ಮಾವಿನ ಮರ, ಬೋರಿನ ಕೈಪಂಪು. ಹುಡುಗಿಯರು ನಮ್ಮ ಮುಂದೆ ಮೊಣಕಾಲೂರಿ ನಮಸ್ಕಾರ ಹೇಳಿದಾಗ ಸರ್ ಗಾಬರಿಯಾಗಿ "ಏಳ್ರವಾ, ಏಳ್ರಿ" ಎಂದು ಕನ್ನಡದಲ್ಲೇ ಅಂದುಬಿಟ್ಟರು. ಅವರು ಎದ್ದರು ಕೂಡ.

ಕರೆಂಟು ಇರಲಿಲ್ಲ. ಅದಕ್ಕೆಂದೇ ಬಿಸಿಲಿನ ಫಲಕ ಕೊಟ್ಟಿದ್ದಾರೆ. ಕಳ್ಳರ ಭಯಕ್ಕೆ ಅದು ಸಂಜೆಯಾದರೆ ಹೆಡ್‌ಮಾಸ್ಟರ ಮನೆಗೆ ಹೋಗುತ್ತದೆ, ಬೆಳಿಗ್ಗೆ ಮತ್ತೆ ಬರುತ್ತದೆ. ಅವತ್ತು ಬರುವುದು ತಡವಾಯಿತು. ನಮ್ಮಲ್ಲಿ ಕರೆಂಟು ಹೇಗೋ ಇರುತ್ತದೆ, ನೆಟ್‌ವರ್ಕ್ ಹುಡುಕಿಕೊಂಡು ಪೆಟ್ಟಿಗೆಯನ್ನು ನಾನು ಶಾಲೆಯ ಮಾಳಿಗೆಗೆ ಹತ್ತಿಸುತ್ತೇನೆ ಎಂದು ಹೇಳಿದೆ. ಕಷ್ಟ ಹಂಚಿಕೊಂಡರೆ ಸ್ನೇಹ ಬೇಗ ಗಟ್ಟಿಯಾಗುತ್ತದೆ.

ಫಲಕ ಬಂತು, ಟಿವಿ ಹತ್ತಿತು. ಕಾಕತಾಳೀಯವೋ ಏನೋ, ಅವತ್ತಿನ ಪಾಠ ಹೃದಯ. ನಮ್ಮ ವಿಡಿಯೊದ್ದೇ ಚಿತ್ರ, ದನಿ ಮಾತ್ರ ಇಂಗ್ಲಿಷು. ನಕಾಟೊ ಮೊದಲು ಟಿವಿಯ ದನಿ ಬಂದ್ ಮಾಡಿದಳು. ಆಮೇಲೆ ಲುಗಾಂಡದಲ್ಲಿ ಸುರುಮಾಡಿದಳು. ಅಲ್ಲಿಯ ಟೀಚರುಗಳಿಗೊಂದು ಅಭ್ಯಾಸ. ವಾಕ್ಯದ ಕೊನೆಯ ಪದವನ್ನು ಅರ್ಧಕ್ಕೇ ಎಳೆದು ಬಿಡುತ್ತಾರೆ, ಉಳಿದದ್ದನ್ನು ಮಕ್ಕಳು ಒಕ್ಕೊರಲಿನಿಂದ ಮುಗಿಸುತ್ತಾರೆ. ಭಜನೆಯಲ್ಲಿ ಮುಂದಿನವರು ಹೇಳಿ ಬಿಟ್ಟದ್ದನ್ನು ಹಿಂದಿನವರು ಎತ್ತಿಕೊಂಡಂತೆ. ಚಿತ್ರದಲ್ಲಿ ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಅವಳು ವಿಡಿಯೊ ನಿಲ್ಲಿಸಿ, ಮಕ್ಕಳನ್ನೆಲ್ಲ ಹೊರಗೆ ಕೈಪಂಪಿನ ಹತ್ತಿರ ಅಟ್ಟಿದಳು. ಒಬ್ಬಳು ಪಂಪು ಒತ್ತಿದಳು, ನೀರು ಹಾರಿತು. ಮತ್ತೆ ಒಳಗೆ ಬಂದು ಟಿವಿ. ಒಬ್ಬ ಹುಡುಗ ಏನೋ ಕೇಳಿದ. ಅವಳು ನನ್ನತ್ತ ತಿರುಗಿ ಹೇಳಿದಳು, "ಪಂಪು ಒತ್ತುವವರಿಗೆ ಕೈ ನೋಯುತ್ತದೆ, ಹೃದಯವನ್ನು ಯಾರು ಒತ್ತುತ್ತಾರೆ ಎಂದು ಕೇಳುತ್ತಿದ್ದಾನೆ."

ಪಾಠ ಮುಗಿದಾಗ ಪೆಟ್ಟಿಗೆಯ ಮೇಲೆ ಕೆಂಪು ದೀಪ. ಪಾಠ ಆಗಿಲ್ಲ.

ನದಿಯ ದಡದ ಸಭೆ

ನೈಲ್ ನದಿ ಹೊರಡುವ ಜಾಗದ ಹತ್ತಿರ ಒಂದು ಹೋಟೆಲಿನಲ್ಲಿ ಸಭೆ. ನದಿಯನ್ನು ನೋಡುವ ಆಸೆ ನನಗೆ, ಆದರೆ ಪರದೆ ಎಳೆದು ಕತ್ತಲೆ ಮಾಡಿ ಗೋಡೆಯ ಮೇಲೆ ಚುಕ್ಕೆಗಳನ್ನು ತೋರಿಸಿದರು. ಹಸಿರು ಚುಕ್ಕೆ ನಡೆದ ಶಾಲೆ, ಕೆಂಪು ಚುಕ್ಕೆ ನಡೆಯದ ಶಾಲೆ. ಹುಮನಾಬಾದ್ ಕಡೆ ವೈಜನಾಥ ಸರ್ ಹಸಿರಾಗಿ ಹೊಳೆಯುತ್ತಿದ್ದರು. ಮುಡಬಿಯ ಆಚೆ ನಾನು ಕೆಂಪಗಿದ್ದೆ.

ದಿಲ್ಲಿಯಿಂದ ಬಂದಿದ್ದ ರಿತು ಮೇಡಂ ಸಭೆ ನಡೆಸಿದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಗಂಟುಮೋರೆಯವರಲ್ಲ. ಯಾಕೆ ಹೀಗೆ ಎಂದು ಸಮಾಧಾನದಿಂದ ಕೇಳಿದರು. ನನ್ನ ಇಂಗ್ಲಿಷು ಅರ್ಧಕ್ಕೆ ಕೈಕೊಟ್ಟಿತು, ಕಲ್ಯಾಣದ ಹಿಂದಿಯಲ್ಲಿ ಎಲ್ಲ ಹೇಳಿದೆ. ಪುರಾಣವನ್ನೂ ಹೇಳಿದೆ, ತಗಡಿನ ಟಾಕೀಸನ್ನೂ ಹೇಳಿದೆ. ಟಿವಿ ಒಯ್ಯಬೇಡಿ, ನನ್ನ ಮಕ್ಕಳಿಗೆ ಆ ಚಿತ್ರ ಬೇಕು ಎಂದು ಬೇಡಿಕೊಂಡೆ.

ಮೇಡಂ ಪೂರ್ತಿ ಕೇಳಿದರು. ಆಮೇಲೆ, "ನಿಮ್ಮನ್ನು ನಂಬುತ್ತೇನೆ. ಆದರೆ ದನಿ ಬಂದ್ ಮಾಡಿ ಮೂಲೆಯಲ್ಲಿ ಪೇಪರು ಓದುತ್ತ ಕೂರುವ ಟೀಚರೂ ಇರಬಹುದಲ್ಲ? ದಿಲ್ಲಿಯಲ್ಲಿ ಕುಳಿತ ನನಗೆ ಅವರು ಯಾರು, ನೀವು ಯಾರು ಎಂದು ಹೇಗೆ ತಿಳಿಯಬೇಕು?" ಎಂದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಟಿವಿ ಹೋಯಿತು ಎಂದುಕೊಂಡು ಕುಳಿತೆ.

ಆಗ ವೈಜನಾಥ ಸರ್ ಎದ್ದರು. ನನ್ನ ಕಡೆ ಬಗ್ಗಿ, "ಮೇಡಂ, ನಾ ಕನ್ನಡದಾಗ ಹೇಳ್ತೀನಿ, ನೀವು ಅವ್ರಿಗೆ ಹಿಂದಿಯಾಗ ಅರ್ಥ ಹೇಳ್ರಿ. ಇದು ನನಗ ಬ್ಯಾರೆ ಮಾತಿನಾಗ ಆಗಾಂಗಿಲ್ಲ," ಎಂದರು.

ಅವರು ಹೇಳಿದ್ದು ಇಷ್ಟು. "ನಂದು ಹಸಿರು ಚುಕ್ಕಿ ಅದ. ನಾ ದಿನಾ ಟಿವಿ ಹಚ್ಚತೀನಿ, ಆವಾಜ ಜೋರ್ ಇಡತೀನಿ, ಕೈಮುಗಿದು ಕೂಡತೀನಿ. ಟಿವಿಯಾಗಿನ ಆ ಅಕ್ಕಾರು ಭಾಳ ಛಂದ ಹೇಳ್ತಾರ. ನಾ ಪ್ರವಚನ ಕೇಳಿದಂಗ ಕೇಳ್ತೀನಿ, ನನಗ ಭಾಳ ತಿಳೀತದ. ಖರೇ, ಪೋರಗೋಳು ಹಿಂದ ಏನ್ ಮಾಡಾಕತ್ತಾವ ನಾ ತಿರುಗಿ ನೋಡಿಲ್ರಿ. ಮೊನ್ನೆ ಆ ಟಾಕೀಸಿನಾಗ ಮಂದಿ ನಗೂದು ಕೇಳಿದೆ. ನನ್ನ ವರ್ಗದಾಗ ಒಂದಿನಾನೂ ಯಾರೂ ನಕ್ಕಿಲ್ಲ, ಯಾರೂ ಏನೂ ಕೇಳಿಲ್ಲ. ಆ ಚುಕ್ಕಿ ನಮ್ಮ ಟಿವಿ ಮಾತಾಡ್ತು ಅಂತ ಹೇಳತದ. ಮಕ್ಕಳು ಕೇಳಿದ್ರು ಅಂತ ಹೇಳಾಂಗಿಲ್ರಿ."

ಒಂದು ಮಾತನ್ನೂ ಬಿಡದೆ ಹಿಂದಿಯಲ್ಲಿ ಅರ್ಥ ಹೇಳಿದೆ. ನಿವೃತ್ತಿಯ ಹೊಸ್ತಿಲಲ್ಲಿರುವ ಮನುಷ್ಯ, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದು, ಶಹಬ್ಬಾಸ್ ಪಡೆಯಬೇಕಾದ ಸಭೆಯಲ್ಲಿ ತನ್ನ ಹಸಿರನ್ನು ತಾನೇ ಒರೆಸಿಕೊಂಡಿದ್ದರು. ಅವರ ಮೇಲೆ ನನಗೆ ಅಂಥ ಪ್ರೀತಿ ಬಂದದ್ದು ಅದೇ ಮೊದಲು.

ನಕಾಟೊ ಕೈ ಎತ್ತಿದಳು. "ಒಂದು ಕೆಲಸ ಮಾಡಿ. ದನಿ ಇತ್ತೋ ಇಲ್ಲವೋ ಎಂದು ಪೆಟ್ಟಿಗೆಯನ್ನು ಕೇಳಬೇಡಿ. ಪಾಠ ಆದ ಮೇಲೆ ಮಕ್ಕಳು ಕೇಳಿದ ಒಂದು ಪ್ರಶ್ನೆಯನ್ನು ಅವರ ದನಿಯಲ್ಲೇ ಕಳಿಸಲು ಹೇಳಿ. ಪೇಪರು ಓದುತ್ತ ಕುಳಿತವರ ತರಗತಿಯಿಂದ ಪ್ರಶ್ನೆ ಬರುವುದಿಲ್ಲ."

ಹೃದಯವನ್ನು ಯಾರು ಒತ್ತುತ್ತಾರೆ ಎಂದು ಕೇಳಿದ ಹುಡುಗನ ಮಾತನ್ನು ನಾನು ಹೇಳಿದೆ. ಮೇಡಂ ನಕ್ಕು ಬರೆದುಕೊಂಡರು. ಊಟದ ಹೊತ್ತಿಗೆ ಒಂದು ತೀರ್ಮಾನ ಬಂತು. ಕೆಂಪು ಚುಕ್ಕೆಯ ನಮ್ಮಿಬ್ಬರ ಶಾಲೆಯಲ್ಲೂ ಈ ವರ್ಷ ಟಿವಿ ಇರಲಿ, ದನಿಯ ಲೆಕ್ಕ ಬೇಡ, ಪ್ರಶ್ನೆ ಬಂದರೆ ಸಾಕು. ಜೊತೆಗೆ ಇನ್ನೊಂದು ಮಾತು. ನಿಮ್ಮ ಭಾಗದ ಮಾತಿನಲ್ಲೇ ನೀವೇ ದನಿ ಕೊಡಿ, ಆ ಸುಂದರ ಕನ್ನಡದ ಜಾಗದಲ್ಲಿ ನಿಮ್ಮ ದನಿ ಹಾಕುತ್ತೇವೆ ಎಂದರು. ನಾನು ಉಬ್ಬಿಹೋದೆ. ಔರಾದಿನಿಂದ ಹುಲಸೂರಿನವರೆಗೆ, ಇಡೀ ಜಿಲ್ಲೆಯಲ್ಲಿ ನನ್ನದೇ ದನಿ! ಸಂಜೆ ಕೊನೆಗೂ ನೈಲ್ ನೋಡಿದೆ, ಆದರೆ ಮನಸ್ಸು ಅಲ್ಲಿರಲಿಲ್ಲ. ಪಾಪ, ಅಷ್ಟು ದೊಡ್ಡ ನದಿಯನ್ನು ನಾನು ಸರಿಯಾಗಿ ನೋಡಲೇ ಇಲ್ಲ.

ಮತ್ತೆ ನಮ್ಮ ಶಾಲೆ

ಕಲ್ಯಾಣದ ಮನೆಯಲ್ಲಿ, ಕಿಟಕಿಗೆ ಎರಡು ಕೌದಿ ಕಟ್ಟಿ, ಹೊರಗಿನ ಆಟೋಗಳ ಹಾರನ್ನು ತಡೆದು, ಬೆವರುತ್ತ ದನಿ ಕೊಟ್ಟೆ. ಹೃದಯದ ಪಾಠಕ್ಕೆ ನಮ್ಮ ಕಡೆಯ ಮಾತು, ನಮ್ಮ ಕಡೆಯ ಉಪಮೆ, ನಡುವೆ ಒಂದೆರಡು ತಮಾಷೆ. ಹೊಸ ವಿಡಿಯೊ ಪೆಟ್ಟಿಗೆಗೆ ಬಂದ ದಿನ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟುಕೊಂಡು ಶಾಲೆಗೆ ಹೋದೆ. ಬಹಳ ದಿನಗಳ ಮೇಲೆ ದನಿ ಹಚ್ಚಿ, ಹಿಂದೆ ಕುರ್ಚಿಯಲ್ಲಿ ಕುಳಿತೆ.

ಟಿವಿಯಲ್ಲಿ ನಾನು ಮಾತಾಡಿದೆ. ಮಕ್ಕಳು ಗುರುತು ಹಿಡಿದು ಹೋ ಎಂದು ಕೂಗಿದರು. ಮೊದಲ ತಮಾಷೆಗೆ ನಕ್ಕರು ಕೂಡ. ಆಮೇಲೆ ನಿಧಾನವಾಗಿ ಸದ್ದಡಗಿತು. ನೋಡಿದರೆ ಒಬ್ಬೊಬ್ಬರೇ ಕೈಕಟ್ಟಿಕೊಳ್ಳುತ್ತಿದ್ದರು.

ಭಾಗ್ಯಶ್ರೀ ಕೈ ಎತ್ತಿ ಎದ್ದು ನಿಂತಳು. ಟಿವಿಯ ಕಡೆ ಒಮ್ಮೆ ನೋಡಿದಳು, ಹಿಂದೆ ಕುಳಿತ ನನ್ನ ಕಡೆ ಒಮ್ಮೆ.

"ಟೀಚರ್, ಆಕೀದು ಆವಾಜ ಬಂದ್ ಮಾಡ್ರಿ. ನೀವೇ ಹೇಳ್ರಿ."

"ಅಯ್ಯ ಪೋರಿ, ಆಕಿ ನಾನೇ ಅಲ್ಲೇನ?"

"ನೀವೇ ಅದೀರಿ ಖರೇ," ಎಂದಳು. "ಆದ್ರ ನಾ ಕೈ ಎತ್ತಿದ್ರ ಆಕಿ ನಿಂದ್ರವಲ್ಲಳ್ರಿ."

ಅವಳ ಕೈ ಇನ್ನೂ ಮೇಲೆಯೇ ಇತ್ತು. ಟಿವಿಯಲ್ಲಿ ನಾನು ಅದನ್ನು ನೋಡದೆ ಮಾತಾಡುತ್ತಲೇ ಇದ್ದೆ. ನಾನು ಎದ್ದು ಹೋಗಿ, ಟಿವಿಯೊಳಗಿನ ಆಕೆಯ ಬಾಯಿ ಮುಚ್ಚಿಸಿ, "ಕೇಳವಾ, ಏನ್ ಕೇಳತಿ?" ಎಂದೆ.